ಮಂಗನ ಹೊಟ್ಟೆಯ ರಕ್ತನಾಳಗಳು ಕಲಿಸಿದ ಪಾಠ

ಮಂಗನ ಹೊಟ್ಟೆಯನ್ನು ಕೊಯ್ದು ನೋಡಿ ಮನುಷ್ಯನ ಹೊಟ್ಟೆಯ ಬಗ್ಗೆ ಬರೆಯಬಹುದೇ? ಶತಮಾನಗಳ ಕಾಲ ವೈದ್ಯರು ಪ್ರಮಾಣವೆಂದು ನಂಬಿದ್ದ ಅಂಗರಚನಾ ವಿಜ್ಞಾನ ಬಹುಮಟ್ಟಿಗೆ ಹಾಗೆ ಬರೆದದ್ದೇ ಆಗಿತ್ತು.

ಬರೆದವನು ಕ್ರಿ.ಶ. 129ರಲ್ಲಿ ಪರ್ಗಮಮ್‌ನಲ್ಲಿ ಹುಟ್ಟಿ, ರೋಮ್‌ನಲ್ಲಿ ಹೆಸರಾದ ವೈದ್ಯ ಗ್ಯಾಲೆನ್. ಅಲ್ಲಿ ಮನುಷ್ಯರ ಶವಚ್ಛೇದನಕ್ಕೆ ಅವಕಾಶವಿರಲಿಲ್ಲ. ಆದ್ದರಿಂದ ಆತ ಹೆಚ್ಚಾಗಿ ಉತ್ತರ ಆಫ್ರಿಕದ ಬಾಲವಿಲ್ಲದ ಬಾರ್ಬರಿ ಮಂಗವನ್ನು ಆರಿಸಿಕೊಂಡ. ನಮ್ಮ ಊರುಗಳ ಕೋತಿಯೂ ಇದೂ ಮಕಾಕ ಎಂಬ ಒಂದೇ ಗುಂಪಿಗೆ ಸೇರಿವೆ. ಕುತ್ತಿಗೆಯ ಭಾಗಗಳು ಜಜ್ಜಿಹೋಗದಿರಲೆಂದು ಮಂಗವನ್ನು ನೀರಿನಲ್ಲಿ ಮುಳುಗಿಸಿ ಕೊಲ್ಲಬೇಕೆಂದು ಆತ ಸೂಚಿಸಿದ್ದ.

ಆತನ ಆಯ್ಕೆ ತಪ್ಪೇನಲ್ಲ. ಮಂಗ, ಮನುಷ್ಯ ಇಬ್ಬರಲ್ಲೂ ಮಹಾಪಧಮನಿ ವಪೆಯನ್ನು ದಾಟಿ ಬೆನ್ನೆಲುಬಿನ ಮುಂದೆ ಇಳಿಯುತ್ತದೆ. ಜಠರ, ಯಕೃತ್ತು, ಗುಲ್ಮ, ಕರುಳು, ಮೂತ್ರಪಿಂಡಗಳಿಗೆ ಕವಲುಗಳನ್ನು ಕೊಟ್ಟು, ಕೊನೆಗೆ ಕಾಲುಗಳತ್ತ ಇಬ್ಭಾಗವಾಗುತ್ತದೆ. ಕರುಳಿನಿಂದ ಮರಳುವ ರಕ್ತ ನೇರವಾಗಿ ಹೃದಯಕ್ಕೆ ಹೋಗದೆ, ಪೋರ್ಟಲ್ ಅಭಿಧಮನಿಯ ಮೂಲಕ ಮೊದಲು ಯಕೃತ್ತನ್ನು ಹೊಗುತ್ತದೆ. ಕರುಳಿಗೂ ಯಕೃತ್ತಿಗೂ ಇರುವ ಈ ಸಂಪರ್ಕವನ್ನು ಗ್ಯಾಲೆನ್ ಬಲ್ಲವನಾಗಿದ್ದ.

ತೊಡಕು ಎರಡು ಕಡೆ ಇತ್ತು. ಮೊದಲನೆಯದು ರಚನೆಯದು. ಪ್ರಾಣಿಗಳಲ್ಲಿ ಕಂಡಂತೆ ಬಲ ಮೂತ್ರಪಿಂಡ ಎಡದ್ದಕ್ಕಿಂತ ಮೇಲಿದೆ ಎಂದು ಆತ ಬರೆದ. ಮನುಷ್ಯನಲ್ಲಿ ಸಾಮಾನ್ಯವಾಗಿ ಅದು ಕೆಳಗಿರುತ್ತದೆ. ಗ್ರಂಥದ ಪ್ರಭಾವ ಎಷ್ಟಿತ್ತೆಂದರೆ, ಸ್ವತಃ ಶವಚ್ಛೇದನ ಮಾಡುತ್ತಿದ್ದ ವೆಸೇಲಿಯಸ್ 1538ರಲ್ಲಿ ಪ್ರಕಟಿಸಿದ ಚಿತ್ರಪಟಗಳಲ್ಲೂ ಬಲ ಮೂತ್ರಪಿಂಡ ಮೇಲೆಯೇ ಇದೆ. ಯಕೃತ್ತಿಗೆ ಐದು ಹಾಲೆಗಳಿವೆ! 1540ರಲ್ಲಿ ಬೊಲೋನ್ಯದಲ್ಲಿ ಆತ ಮನುಷ್ಯನ ಮತ್ತು ಮಂಗನ ಅಸ್ಥಿಪಂಜರಗಳನ್ನು ಅಕ್ಕಪಕ್ಕ ನಿಲ್ಲಿಸಿದ. ಗ್ಯಾಲೆನ್ ವರ್ಣಿಸಿದ ಬೆನ್ನುಮೂಳೆಯ ಒಂದು ಚಾಚು ಮಂಗನಲ್ಲಿತ್ತು, ಮನುಷ್ಯನಲ್ಲಿರಲಿಲ್ಲ. 1543ರ ಆತನ ಮಹಾಗ್ರಂಥ ಇಂಥ ಅನೇಕ ತಪ್ಪುಗಳನ್ನು ತಿದ್ದಿತು.

ಎರಡನೆಯದು ಕಾರ್ಯದ್ದು. ಆಹಾರದ ಸಾರ ಯಕೃತ್ತಿನಲ್ಲಿ ರಕ್ತವಾಗುತ್ತದೆ, ಅಭಿಧಮನಿಗಳಲ್ಲಿ ಹರಿದು ಅಂಗಾಂಗಗಳಲ್ಲಿ ಖರ್ಚಾಗುತ್ತದೆ ಎಂಬುದು ಗ್ಯಾಲೆನ್ ವಾದ. ನಾಳಗಳನ್ನು ಎಷ್ಟು ಸೂಕ್ಷ್ಮವಾಗಿ ಕೊಯ್ದು ನೋಡಿದರೂ ಇದು ಸುಳ್ಳೆಂದು ತಿಳಿಯುವುದು ಕಷ್ಟ. ಅದಕ್ಕೆ ಲೆಕ್ಕ ಬೇಕಿತ್ತು. 1628ರಲ್ಲಿ ವಿಲಿಯಂ ಹಾರ್ವೆ ಆ ಲೆಕ್ಕ ಹಾಕಿದ. ಹೃದಯ ಒಂದು ಬಡಿತಕ್ಕೆ ಬರೀ ಅರ್ಧ ಔನ್ಸ್ ರಕ್ತ ಹೊರದೂಡಿದರೂ, ಅರ್ಧ ಗಂಟೆಯ 1000 ಬಡಿತಗಳಿಗೆ 500 ಔನ್ಸ್, ಅಂದರೆ ಸುಮಾರು 15 ಕಿಲೋಗ್ರಾಂ. ದೇಹದಲ್ಲಿರುವ ರಕ್ತವೇ ಅಷ್ಟಿಲ್ಲ! ಅಷ್ಟನ್ನು ತಯಾರಿಸಲು ಬೇಕಾದ ಆಹಾರವನ್ನು ತಿನ್ನುವವರು ಯಾರು? ಹಾಗಾದರೆ ಅದೇ ರಕ್ತ ಮತ್ತೆ ಮತ್ತೆ ಸುತ್ತುತ್ತಿರಲೇಬೇಕು.

ಹಾರ್ವೆಗೆ ಕಾಣದಿದ್ದ ಕೊಂಡಿ, ಅಪಧಮನಿ-ಅಭಿಧಮನಿಗಳನ್ನು ಜೋಡಿಸುವ ಲೋಮನಾಳಗಳು. 1661ರಲ್ಲಿ ಮಾಲ್ಪೀಘಿ ಅವನ್ನು ಸೂಕ್ಷ್ಮದರ್ಶಕದಲ್ಲಿ ಕಂಡ. ಕಂಡದ್ದು ಮನುಷ್ಯನಲ್ಲಲ್ಲ, ಕಪ್ಪೆಯ ಶ್ವಾಸಕೋಶದಲ್ಲಿ. ಪ್ರಾಣಿಯ ದೇಹದಿಂದ ಕಲಿಯುವುದು ಅಂದೂ ತಪ್ಪಲ್ಲ, ಇಂದೂ ತಪ್ಪಲ್ಲ. ಕಲಿತದ್ದನ್ನು ಮನುಷ್ಯನಲ್ಲಿ ಪರೀಕ್ಷಿಸದೆ, ಅಳತೆಗೆ ಒಡ್ಡದೆ ಒಪ್ಪಿಕೊಳ್ಳುವುದು ತಪ್ಪು.