ಅಣೆಕಟ್ಟು, ಒಲೆ ಮತ್ತು ಎಂಜಿನಿಯರ್

ಕೃಷ್ಣರಾಜಸಾಗರದ ಬಳಿ ಟಿಪ್ಪು ಸುಲ್ತಾನರ ಫಾರ್ಸಿ ಶಾಸನವೊಂದಿದೆ. 1794ರಲ್ಲಿ ಕಾವೇರಿಗೆ ಕಟ್ಟೆ ಕಟ್ಟಲು ಹೊರಟಾಗ ಬರೆಸಿದ್ದು. ಹೊಸ ನೀರಿನಲ್ಲಿ ಸಾಗುವಳಿ ಮಾಡುವ ರೈತನಿಗೆ ಕಂದಾಯದಲ್ಲಿ ಕಾಲು ಭಾಗ ಬಿಡಬೇಕೆಂದು ಅದರಲ್ಲಿ ಹೇಳಿದೆ. ಆ ಕಟ್ಟೆ ಕೈಗೂಡಲಿಲ್ಲ. ಆದರೆ ಕಲ್ಲು ಗಾರೆಯ ಲೆಕ್ಕದ ಜೊತೆಗೇ ರೈತನ ಲೆಕ್ಕವೂ ಅಲ್ಲಿತ್ತೆಂಬುದು ಗಮನಿಸಬೇಕಾದ ಸಂಗತಿ.

ಈಗಿನ ಅಣೆಕಟ್ಟಿನ ಕೆಲಸ 1911ರಲ್ಲಿ ಆರಂಭವಾಯಿತು. ಅದರ ಹಿನ್ನೀರು ಕೆ.ಆರ್. ನಗರದ ಕಡೆಗೆ ಚಾಚಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1917ರಲ್ಲಿ, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು. 1946ರಲ್ಲಿ ಮೈಸೂರಿನಲ್ಲಿ ಎನ್.ಐ.ಇ. ಹುಟ್ಟಿತು. ನಾಡಿಗೆ ನಾಲೆ, ರಸ್ತೆ, ವಿದ್ಯುತ್ ಬೇಕಾಗಿತ್ತು. ಅವನ್ನು ಬಲ್ಲವರನ್ನು ಈ ಕಾಲೇಜುಗಳು ಕೊಟ್ಟವು. ಈ ಉಪಕಾರ ಸಣ್ಣದಲ್ಲ. ಆದರೆ ನೀರು ಎಷ್ಟು ನಿಲ್ಲುತ್ತದೆಂದು ಕಲಿಸಿದ ಪಾಠ, ನೀರು ನಿಂತ ಜಾಗದ ಜನ ಎಲ್ಲಿಗೆ ಹೋಗುತ್ತಾರೆಂದು ಕೇಳುವುದನ್ನು ಕಲಿಸಲಿಲ್ಲ.

1974ರಲ್ಲಿ ಎಚ್.ಡಿ. ಕೋಟೆಯ ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟು ಮುಗಿಯಿತು. ಗದ್ದೆಗಳಿಗೆ ನೀರು ಬಂತು. ಕಾಕನಕೋಟೆಯ ಕಾಡು, ಹಳ್ಳಿಗಳು ಮುಳುಗಿದವು. ಆದಿವಾಸಿಗಳು ನೆಲೆ ಕಳೆದುಕೊಂಡರು. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಆರಂಭಿಸಿದರು. ವಿಜ್ಞಾನಿಗಳು ಕುಣಿಗಲ್ ತಾಲ್ಲೂಕಿನ ಉಂಗ್ರಕ್ಕೆ ಹೋದರು. ಹಳ್ಳಿಯ ಇಂಧನವೆಲ್ಲ ಎಲ್ಲಿ ಖರ್ಚಾಗುತ್ತದೆಂದು ಲೆಕ್ಕ ಹಾಕಿದಾಗ ಸಿಕ್ಕಿದ್ದು ಅಡಿಗೆಮನೆ. ಹೊಗೆ ಹೊರಗೆ ಹೋಗುವ, ಸೌದೆ ಉಳಿಸುವ ಅಸ್ತ್ರ ಒಲೆ ರೂಪುಗೊಂಡದ್ದು ಹೀಗೆ. ಒಲೆಯೂ ಎಂಜಿನಿಯರನ ವಿಷಯವೆಂದು ಆಗ ಗೊತ್ತಾಯಿತು.

ನಮ್ಮ ನಾಲ್ಕು ತಾಲ್ಲೂಕುಗಳ ಪ್ರಶ್ನೆ ಇನ್ನೂ ತೊಡಕಿನದು. ಹುಣಸೂರು, ಪಿರಿಯಾಪಟ್ಟಣದ ಸುತ್ತ ತಂಬಾಕು ಬೆಳೆಯಿದೆ. ಎಲೆ ಹದಗೊಳಿಸಲು ಬ್ಯಾರನ್‌ನಲ್ಲಿ ದಿನಗಟ್ಟಲೆ ಹಗಲು ರಾತ್ರಿ ಬೆಂಕಿ ಉರಿಯಬೇಕು. ಸೌದೆ ಬೇಕೆಂದರೆ ಮರ ಬೇಕು, ಪಕ್ಕದಲ್ಲೇ ನಾಗರಹೊಳೆ. ಒಳ್ಳೆಯ ಕುಲುಮೆ ಮಾಡಿದರೆ ಸೌದೆ ಉಳಿದೀತು. ಆದರೆ ಬೆಲೆ ಕುಸಿದರೆ ಸಾಲಗಾರನ ಗತಿಯೇನು? 2015ರಲ್ಲಿ ಇಲ್ಲಿ ತಂಬಾಕು ಬೆಳೆಗಾರರ ಆತ್ಮಹತ್ಯೆಗಳಾದವು. ತಂಬಾಕು ತಗ್ಗಿಸುವ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಭಾರತ 2004ರಲ್ಲೇ ಒಪ್ಪಿಗೆ ಕೊಟ್ಟಿದೆ. ಎಲೆಯೇ ಬೇಡವಾದರೆ ಆ ಹೊಲದಲ್ಲಿ ಬೆಳೆಯುವುದೇನು, ಅದನ್ನು ಒಣಗಿಸಿ ಕಾಪಿಡುವುದು ಹೇಗೆ?

ಇದಕ್ಕೆ ಒಂದೇ ಸೂತ್ರದ ಉತ್ತರವಿಲ್ಲ. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬಂದ ಮೇಲೆ ಬೀದರಿನಿಂದ ಮೈಸೂರಿನವರೆಗೆ ಬಹುಪಾಲು ಕಾಲೇಜುಗಳಿಗೆ ಒಂದೇ ಪಠ್ಯಕ್ರಮ. ಅದರೊಳಗೇ ವಿದ್ಯಾರ್ಥಿಯ ಒಂದು ಹಂಗಾಮು ಬ್ಯಾರನ್ ಮುಂದೆ, ಹಾಡಿಯಲ್ಲಿ, ನಾಲೆಯ ಕೊನೆಯ ಗದ್ದೆಯಲ್ಲಿ ಕಳೆಯಲಿ. ಅಲ್ಲಿನವರ ಮಾತಿಗೂ ಅಂಕವಿರಲಿ. ಅಲ್ಲಾಹನಲ್ಲಿ ನಾವು ಬೇಡುವುದು ಇಲ್ಮೆ ನಾಫಿ, ಅಂದರೆ ಉಪಯೋಗಕ್ಕೆ ಬರುವ ಜ್ಞಾನ. ಅದು ಯಾರ ಉಪಯೋಗಕ್ಕೆ ಎಂಬ ಪ್ರಶ್ನೆಯೂ ಪರೀಕ್ಷೆಯಲ್ಲಿ ಬರಬೇಕು.