ಮಠ ಕಟ್ಟಿದ ಕಾಲೇಜು, ಸರ್ಕಾರಿ ವಿಶ್ವವಿದ್ಯಾಲಯದ ಪದವಿ

ಕೊಪ್ಪಳದ ಶ್ರೀ ಗವಿಸಿದ್ಧೇಶ್ವರ ಕಾಲೇಜಿನಲ್ಲಿ ಒಂದೇ ಮನೆಯ ಮೂರು ತಲೆಮಾರಿನವರು ಓದಿದ್ದರೆ, ಅಜ್ಜನ ಪದವಿಪತ್ರದ ಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಮುದ್ರೆ, ಮಗನದರ ಮೇಲೆ ಗುಲಬರ್ಗಾದ್ದು, ಮೊಮ್ಮಗಳದರ ಮೇಲೆ ಬಳ್ಳಾರಿಯ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ್ದು ಇರುತ್ತದೆ. ಈಗ ಓದುತ್ತಿರುವವರಿಗೆ ಕೊಪ್ಪಳ ವಿಶ್ವವಿದ್ಯಾಲಯ. ಕಾಲೇಜು ಅದೇ, ಅದನ್ನು ಕಟ್ಟಿದ ಗವಿಮಠವೂ ಅದೇ.

ಧರ್ಮಪೀಠವೊಂದು ಕಾಲೇಜು ಕಟ್ಟುವುದು, ಸರ್ಕಾರದ ವಿಶ್ವವಿದ್ಯಾಲಯ ಪದವಿ ಕೊಡುವುದು: ಈ ಏರ್ಪಾಟು ನಮ್ಮಲ್ಲಿ ಕಾಲೂರಿದ್ದು 1857ರಲ್ಲಿ ಕಲ್ಕತ್ತಾ, ಮುಂಬಯಿ, ಮದರಾಸು ವಿಶ್ವವಿದ್ಯಾಲಯಗಳು ಹುಟ್ಟಿದ ಮೇಲೆ. ಅವು ಮೊದಮೊದಲು ಪಾಠ ಹೇಳುತ್ತಿರಲಿಲ್ಲ, ಪರೀಕ್ಷೆ ನಡೆಸುತ್ತಿದ್ದವು. ಪಾಠ ಹೇಳುವ ಹೊಣೆ ಹೊತ್ತವರಲ್ಲಿ ಕ್ರೈಸ್ತ ಸಂಸ್ಥೆಗಳು ಮುಂದಿದ್ದವು. ಮಂಗಳೂರಿನಲ್ಲಿ ಜೆಸ್ವಿಟರು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆದರು. ಬೆಂಗಳೂರಿನ ಸಂತ ಜೋಸೆಫರ ಕಾಲೇಜು 1882ರದು, ಹೆಣ್ಣುಮಕ್ಕಳಿಗಾಗಿ ಮಂಗಳೂರಿನಲ್ಲಿ ತೆರೆದ ಸಂತ ಆಗ್ನೆಸ್ 1921ರದು. ತುಂಗಭದ್ರೆಯಾಚೆ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ವಾರ್ಡ್ಲಾ ಶಾಲೆ ಒಂದು ಕಾಲಕ್ಕೆ ಕಾಲೇಜು ತರಗತಿಗಳನ್ನೂ ನಡೆಸಿತ್ತು.

ಆದರೆ ಹೊಳೆ ದಾಟಿದರೆ ರಾಜ್ಯವೇ ಬೇರೆ. ಗಂಗಾವತಿ, ಕುಷ್ಟಗಿ ನಿಜಾಮರ ರಾಯಚೂರು ಜಿಲ್ಲೆಯಲ್ಲಿದ್ದವು; ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗರ ಜಹಗೀರು. ಉನ್ನತ ಶಿಕ್ಷಣವೆಂದರೆ ಹೈದರಾಬಾದಿನ ಉಸ್ಮಾನಿಯಾ. 1918ರಲ್ಲಿ ಆರಂಭವಾದ ಆ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮ ಉರ್ದು. ದ್ಯಾಂಪುರದ ಕವಿ ಸಿದ್ಧಯ್ಯ ಪುರಾಣಿಕರು ಅಲ್ಲಿಗೇ ಹೋಗಿ ಓದಿದರು. ಅಷ್ಟು ದೂರ ಹೋಗುವ ಅನುಕೂಲ ಎಷ್ಟು ಮನೆಗಳಿಗಿತ್ತು? ಈ ಭಾಗದ ಹಿಂದುಳಿದಿರುವಿಕೆಯ ಮಾತು ಬಂದಾಗಲೆಲ್ಲ ಮಳೆಯನ್ನೂ ಮಣ್ಣನ್ನೂ ದೂರುತ್ತೇವೆ. ಹತ್ತಿರದಲ್ಲೊಂದು ಕನ್ನಡದ ಕಾಲೇಜು ಇಲ್ಲದೆ ಕಳೆದ ದಶಕಗಳ ಲೆಕ್ಕವನ್ನು ಯಾರೂ ಹಿಡಿಯುವುದಿಲ್ಲ.

ಆ ಕೊರತೆ ತುಂಬಿದ್ದು ಗವಿಮಠ. ಹೈದರಾಬಾದ್ ವಿಮೋಚನೆಯ ನಂತರ ಮರಿಶಾಂತವೀರ ಸ್ವಾಮೀಜಿಯವರು ಮೊದಲು ಪ್ರೌಢಶಾಲೆ, ಆಮೇಲೆ 1960ರ ದಶಕದ ಆರಂಭದಲ್ಲಿ ಕಾಲೇಜು ತೆರೆದರು. ಕರಾವಳಿಯ ಪಾದ್ರಿಗಳಿಗೆ ಯೂರೋಪಿನ ನೆರವಿತ್ತು. ಇಲ್ಲಿದ್ದದ್ದು ಭಕ್ತರು ತಂದೊಪ್ಪಿಸಿದ ಜೋಳ, ದುಡ್ಡು, ಹೊಲ. ಕಾಲೇಜಿನಷ್ಟೇ ದೊಡ್ಡ ಕೆಲಸ ಪ್ರಸಾದ ನಿಲಯದ್ದು. ಯಲಬುರ್ಗಾ, ಕುಷ್ಟಗಿ ಹಳ್ಳಿಗಳ ಒಣಬೇಸಾಯದ ಮನೆಯ ಹುಡುಗ ಪದವಿ ಮುಗಿಸಿದ್ದು ಪಾಠದಿಂದ ಎಷ್ಟೋ, ಎರಡು ಹೊತ್ತಿನ ದಾಸೋಹದಿಂದಲೂ ಅಷ್ಟೇ. ಇಂದಿಗೂ ಅಲ್ಲಿ ಸಾವಿರಾರು ಮಕ್ಕಳು ಉಂಡು ಓದುತ್ತಾರೆ. ಇದು ಯಾವ ವಿಶ್ವವಿದ್ಯಾಲಯದ ನಿಯಮಾವಳಿಯಲ್ಲೂ ಬರೆದಿಟ್ಟ ಕೆಲಸವಲ್ಲ.

ಕಾಲೇಜು ವಿಶ್ವವಿದ್ಯಾಲಯಕ್ಕೆ ಒಳಪಡುವ ಸಂಯೋಜನೆಯ ಕಥೆ ಇಷ್ಟು: ಮೊದಲು ಧಾರವಾಡ, 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಹುಟ್ಟಿದಾಗ ಅತ್ತ, 2010ರ ಬಳಿಕ ಬಳ್ಳಾರಿ. ಪ್ರತಿ ಸಲವೂ ಪಠ್ಯಕ್ರಮ, ಪರೀಕ್ಷಾ ಪದ್ಧತಿ, ಅಂಕಪಟ್ಟಿಯ ಕಚೇರಿ ಬದಲಾದವು. ಕಾಲೇಜಿನ ಅಭಿಪ್ರಾಯಕ್ಕೆ ಅದರಲ್ಲಿ ದೊಡ್ಡ ಪಾತ್ರವಿರಲಿಲ್ಲ. ಸಂಯೋಜನೆಯ ಮೂಲ ದೋಷ ಇದೇ: ಕಟ್ಟಿದವರು ಒಬ್ಬರು, ತೀರ್ಮಾನಿಸುವವರು ಇನ್ನೊಬ್ಬರು.

ಬಲವಿದ್ದವರು ಈ ಬಂಧದಿಂದ ಹೊರನಡೆದಿದ್ದಾರೆ. ಕಲಬುರಗಿಯ ಶರಣಬಸವೇಶ್ವರ ಸಂಸ್ಥಾನ 2017ರಲ್ಲಿ ಸ್ವಂತ ವಿಶ್ವವಿದ್ಯಾಲಯ ಕಟ್ಟಿತು. ಸಂತ ಜೋಸೆಫರ ಕಾಲೇಜು 2022ರಲ್ಲಿ ವಿಶ್ವವಿದ್ಯಾಲಯವಾಯಿತು, 2024ರಲ್ಲಿ ಅಲೋಶಿಯಸ್ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಅವರ ಸಾಧನೆ ದೊಡ್ಡದು, ನಿಜ. ಆದರೆ ಗಟ್ಟಿ ಕಾಲೇಜುಗಳೆಲ್ಲ ಹೀಗೆ ಹೊರಬಿದ್ದರೆ ಸರ್ಕಾರಿ ವಿಶ್ವವಿದ್ಯಾಲಯದ ಪಾಲಿಗೆ ಉಳಿಯುವುದೇನು ಎಂಬ ಚಿಂತೆ ನನ್ನನ್ನು ಬಿಟ್ಟಿಲ್ಲ.

ಬೇರೊಂದು ದಾರಿಯೂ ಇದೆ. ಕೆನಡಾದ ಟೊರಾಂಟೊದಲ್ಲಿ ಮೆಥಡಿಸ್ಟರ ವಿಕ್ಟೋರಿಯಾ ಕಾಲೇಜು 1890ರಲ್ಲಿ, ಆಂಗ್ಲಿಕನ್ನರ ಟ್ರಿನಿಟಿ 1904ರಲ್ಲಿ ಸಾರ್ವಜನಿಕ ವಿಶ್ವವಿದ್ಯಾಲಯದೊಂದಿಗೆ ಒಕ್ಕೂಟವಾದವು. ದೇವತಾಶಾಸ್ತ್ರವೊಂದನ್ನುಳಿದು ಬೇರೆ ಪದವಿ ಕೊಡುವ ಅಧಿಕಾರವನ್ನು ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟವು. ತಮ್ಮ ಆಸ್ತಿ, ಆಡಳಿತ, ವಸತಿ ತಮ್ಮಲ್ಲೇ ಉಳಿಸಿಕೊಂಡವು. ಅಲ್ಲಿ ಕಾಲೇಜು ಅಧೀನ ಸಂಸ್ಥೆಯಲ್ಲ, ಪಾಲುದಾರ.

2023ರಲ್ಲಿ ಕೆಲಸ ಶುರುಮಾಡಿದ, ಕುಕನೂರು ತಾಲೂಕಿನ ತಳಕಲ್ಲಿನಲ್ಲಿ ನೆಲೆಸಿದ ಕೊಪ್ಪಳ ವಿಶ್ವವಿದ್ಯಾಲಯಕ್ಕೆ ಇಂಥ ಒಕ್ಕೂಟ ಸಾಧ್ಯವಿತ್ತು, ಈಗಲೂ ಸಾಧ್ಯ. ಅದರ ವ್ಯಾಪ್ತಿ ಒಂದೇ ಜಿಲ್ಲೆ. ಅದರಡಿಯ ಗವಿಮಠದ ಕಾಲೇಜು ವಿಶ್ವವಿದ್ಯಾಲಯಕ್ಕಿಂತ ಅರ್ಧ ಶತಮಾನಕ್ಕೂ ಹೆಚ್ಚು ಹಿರಿಯದು. ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಸರ್ಕಾರಿ ಪದವಿ ಕಾಲೇಜುಗಳೂ ಮಠದ ಕಾಲೇಜೂ ಒಂದೇ ಮೇಜಿನ ಸುತ್ತ ಕುಳಿತು ಪಠ್ಯಕ್ರಮ ರೂಪಿಸಬಹುದು. ಮಠದ ಆವರಣದ ಬಂಡೆಯ ಮೇಲೇ ಅಶೋಕನ ಶಾಸನವಿದೆ. ಇತಿಹಾಸದ ಪಾಠಕ್ಕೆ ಬೇರೆ ಊರಿನ ಉದಾಹರಣೆ ಹುಡುಕಬೇಕೆ?

ಆದರೆ ನಡೆದದ್ದು ಬೇರೆ. ವಿಶ್ವವಿದ್ಯಾಲಯಕ್ಕೆ ಎರಡು ವರ್ಷ ತುಂಬುವ ಮೊದಲೇ, 2025ರ ಫೆಬ್ರುವರಿಯಲ್ಲಿ, ಹಣದ ಕೊರತೆಯ ಕಾರಣ ಹೇಳಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಬೇಕೆಂಬ ಮಾತು ಸಚಿವ ಸಂಪುಟದ ಉಪಸಮಿತಿಯಲ್ಲಿ ಬಂತು. ಕೊಪ್ಪಳದ ಹೆಸರೂ ಆ ಪಟ್ಟಿಯಲ್ಲಿತ್ತು. ಮುಚ್ಚುವುದೆಂದರೆ ಕುಷ್ಟಗಿಯ ವಿದ್ಯಾರ್ಥಿನಿ ಅಂಕಪಟ್ಟಿಯ ಒಂದು ತಿದ್ದುಪಡಿಗಾಗಿ ಮತ್ತೆ ಬಳ್ಳಾರಿ ಬಸ್ಸು ಹತ್ತುವುದು, ಗವಿಮಠದ ಕಾಲೇಜು ನಾಲ್ಕನೆಯ ಸಲ ಸಂಯೋಜನೆ ಬದಲಿಸುವುದು. ಹಾಗೆ ತೀರ್ಮಾನಿಸುವ ಮುನ್ನ ಸರ್ಕಾರ ಆರು ದಶಕ ಇಲ್ಲಿ ಪಾಠ ಹೇಳಿದವರನ್ನು ಕರೆದು ಕೇಳಲಿ.