ಹುಳುವಿನ ಮದ್ದು ಕುಡಿತದ ಮದ್ದಾದ ಕಥೆ

ರಾಜ್ಯದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈ 1ರಂದು. ಆದರೆ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯಲ್ಲಿ ಕುಡಿತವೇನೂ ನಿಲ್ಲಲಿಲ್ಲ. ಅಗ್ಗದ ಬಾಟಲಿಗಳು ಬಂದವು. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದ ಮಹಿಳೆಯರಲ್ಲಿ ರಾಯಚೂರು ಜಿಲ್ಲೆಯವರೂ ಇದ್ದರು.

ಅಂಗಡಿ ಮುಚ್ಚಿಸುವುದು ಒಂದು ದಾರಿಯಾದರೆ, ಗುಳಿಗೆಯದು ಇನ್ನೊಂದು. ಅದು ಸಿಕ್ಕಿದ್ದು ಆಕಸ್ಮಿಕವಾಗಿ. ರಬ್ಬರ್ ಕಾರ್ಖಾನೆಗಳಲ್ಲಿ ಬಳಕೆಯಲ್ಲಿದ್ದ ಡೈಸಲ್ಫಿರಾಮ್ ಹೊಟ್ಟೆಹುಳುವಿಗೆ ಮದ್ದಾದೀತೇ ಎಂದು ಕೋಪನ್‌ಹೇಗನ್ನಿನ ಯೆನ್ಸ್ ಹಾಲ್ಡ್ ಮತ್ತು ಎರಿಕ್ ಯಾಕೋಬ್ಸನ್ ತಾವೇ ನುಂಗಿ ನೋಡಿದರು. ಆಮೇಲೆ ತುಸು ಮದ್ಯ ಸೇವಿಸಿದರೂ ಮುಖ ಕೆಂಪೇರಿತು, ಎದೆ ಹೊಡೆದುಕೊಂಡಿತು, ಹೊಟ್ಟೆ ತೊಳಸಿತು! 1948ರಲ್ಲಿ ಈ ಸಂಗತಿ ಪ್ರಕಟವಾಯಿತು. 1951ರಲ್ಲಿ ಅಮೆರಿಕ ಔಷಧಿಗೆ ಒಪ್ಪಿಗೆ ನೀಡಿತು. ಮದ್ಯ ಜೀರ್ಣವಾಗುವಾಗ ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ವಿಷವನ್ನು ದೇಹ ಕರಗಿಸದಂತೆ ಈ ಗುಳಿಗೆ ತಡೆಯುತ್ತದೆ.

ಗಂಡನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸಿಬಿಡೋಣವೆಂದು ಬೇಸತ್ತ ಹೆಂಡತಿಗೆ ಅನ್ನಿಸುವುದು ಸಹಜವೇ. ಆದರೆ ಅವನು ಅಂದೂ ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣವೇ ಹೋಗಬಹುದು. ಬಿಡಲು ಒಪ್ಪಿದವನಿಗೆ ಮಾತ್ರ, ವೈದ್ಯರು ಪರೀಕ್ಷಿಸಿದ ಮೇಲೆ, ಮನೆಯವರ ಕಣ್ಣೆದುರು ಕೊಡುವ ಮದ್ದು ಇದು. 1994ರಲ್ಲಿ ಅಮೆರಿಕದಲ್ಲಿ ಕುಡಿತಕ್ಕೆ ಒಪ್ಪಿಗೆ ಪಡೆದ ನಾಲ್‌ಟ್ರೆಕ್ಸೋನ್ ಹೆದರಿಸುವುದಿಲ್ಲ, ಕುಡಿಯುವ ಬಯಕೆಯನ್ನೇ ತಗ್ಗಿಸುತ್ತದೆ. ಇನ್ನು, ವರ್ಷಗಟ್ಟಲೆ ವಿಪರೀತ ಕುಡಿದವರು ಏಕಾಏಕಿ ಬಿಟ್ಟರೆ ಕೈ ನಡುಗಿ ಫಿಟ್ಸ್ ಬರುವುದುಂಟು; ಅಂಥವರು ಮೊದಲ ಕೆಲವು ದಿನ ಆಸ್ಪತ್ರೆಯಲ್ಲಿರುವುದೇ ಲೇಸು.